ಮೆಲ್ಲಗೆ ಅಬ್ಬರಿಸುವ ರಾಕ್ಷಸ

ಹಾರ್ಮೋನಿಯಂ ಹೊತ್ತುಕೊಂಡು ಊರೂರಿಗೆ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರು ನಾನು. ಕಿರೀಟ ಜಾರಿದ್ದು, ಮೀಸೆ ಬಾಯೊಳಗೆ ಹೋಗಿದ್ದು, ಸತ್ತವನು ಸೀನಿದ್ದು, ಇವೆಲ್ಲ ನನ್ನ ಕಸುಬಿನಲ್ಲಿ ದಿನಾ ಇದ್ದದ್ದೇ. ಆದರೆ ಆಟಿಸಂ ಇರುವ ಮಕ್ಕಳು ಮತ್ತು ಅವರ ಮನೆಯವರಿಗಾಗಿ ನಾಟಕ ಕಟ್ಟಿದೆವಲ್ಲ, ಆಗ ನಾವು ಮಾಡಿಕೊಂಡ ಎಡವಟ್ಟುಗಳ ರುಚಿಯೇ ಬೇರೆ.

ಇದನ್ನು ನನ್ನ ತಲೆಗೆ ಕಟ್ಟಿದವರು ಅಂಥ ಮಕ್ಕಳಿಗೆ ಪಾಠ ಹೇಳುವ ಮಧುಗಿರಿಯ ಒಬ್ಬ ಟೀಚರ್. ಅವರ ಷರತ್ತು ಒಂದೆರಡಲ್ಲ. ಪಟಾಕಿ ಬೇಡ, ಮೈಕು ಕಿರುಚಬಾರದು, ದೀಪ ಆರಿಸಬಾರದು. ಮಕ್ಕಳು ಓಡಾಡಬಹುದು, ಮಲಗಬಹುದು, ಮಾತಾಡಬಹುದು, ಹೊರಗೆ ಹೋಗಿ ಬರಬಹುದು. ಯಾರೂ 'ಶ್' ಅನ್ನಬಾರದು. ರಾತ್ರಿಯಿಡೀ ಆಡುವ ನಾಟಕವನ್ನು ಒಂದೇ ಗಂಟೆಗೆ ಇಳಿಸಬೇಕು, ಅದೂ ಬೆಳಿಗ್ಗೆ ಹನ್ನೊಂದಕ್ಕೆ.

"ನಮ್ಮ ರಾಜ ಹಾಸಿಗೆ ಬಿಟ್ಟು ಏಳೋದೇ ಹನ್ನೊಂದಕ್ಕೆ ಕಣಮ್ಮ" ಅಂದೆ.

ಆಗ ಅವರು ವೈ.ಎನ್. ಹೊಸಕೋಟೆ ಕಡೆಯ ಒಬ್ಬ ತಾಯಿಯ ವಿಷಯ ಹೇಳಿದರು. ಆಕೆಗೆ ನಾಟಕದ ಹುಚ್ಚು. ಮಗಳಿಗೆ ಈಗ ಹದಿನಾಲ್ಕು. ಆ ಮಗು ಹುಟ್ಟಿದ ಮೇಲೆ ಆಕೆ ಒಂದು ನಾಟಕವನ್ನೂ ಕೊನೆಯವರೆಗೆ ನೋಡಿಲ್ಲ. ಎಲ್ಲಿ ಕೂತರೂ ಮಗಳು ಕಿವಿ ಮುಚ್ಚಿಕೊಂಡು ಕೂಗುತ್ತಾಳೆ, ಜನ "ಅತ್ಲಾಗೆ ಕರ್ಕೊಂಡೋಗಮ್ಮ" ಅಂತ ಎಬ್ಬಿಸುತ್ತಾರೆ.

"ಒಂದೇ ಒಂದು ನಾಟಕ ಕೊನೇ ಸೀನ್‌ವರೆಗೂ ನೋಡ್ಬೇಕಂತೆ ಸರ್, ಅಷ್ಟೇ ಆಸೆ ಆಕೆಗೆ" ಅಂದರು ಟೀಚರ್. ಎಷ್ಟು ನಾಟಕಗಳಲ್ಲಿ ನಾನೇ ಹಾರ್ಮೋನಿಯಂ ನಿಲ್ಲಿಸಿ ಅಂಥ ತಾಯಂದಿರನ್ನು ದುರುಗುಟ್ಟಿ ನೋಡಿದ್ದೆನೋ. ನಾಚಿಕೆಯಾಯಿತು. ನಾಲ್ಕು ಊರಲ್ಲಿ ನಾಲ್ಕು ಆಟಕ್ಕೆ ಒಪ್ಪಿಕೊಂಡೆ.

ಕೊರಟಗೆರೆ

ನಮ್ಮ ರಾಕ್ಷಸ ಪಾತ್ರಧಾರಿಗೆ ಕೊರಟಗೆರೆಯಲ್ಲಿ ಹಿಟ್ಟಿನ ಗಿರಣಿ. ಮಿಷನ್ನಿನ ಸದ್ದಿನ ಮೇಲೆ ಕೂಗಿ ಕೂಗಿ, ಆತ ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುತ್ತದೆ. ಅಂಥವನಿಗೆ ಟೀಚರ್ ಹೇಳಿದ್ದು: "ಅಬ್ಬರಿಸೋ ಮುಂಚೆ ಕೈ ಎತ್ತಿ, 'ಈಗ ಅಬ್ಬರಿಸ್ತೀನಿ' ಅಂತ ಹೇಳಿ. ಆಮೇಲೆ ಮೆಲ್ಲಗೆ ಅಬ್ಬರಿಸಿ."

"ಮೆಲ್ಲಗೆ ಅಬ್ಬರಿಸೋದು ಹೆಂಗೆ ಮೇಷ್ಟ್ರೇ? ಅದು ಆಕಳಿಕೆ ಆಯ್ತದೆ" ಅಂತ ನನ್ನ ಹತ್ತಿರ ಗೋಳಾಡಿದ. ಆದರೂ ಹದಿನೈದು ದಿನ ಕಷ್ಟಪಟ್ಟು ಕಲಿತ.

ಕಲಿತದ್ದೆಲ್ಲ ಕಿರೀಟ ತಲೆಗೆ ಕೂರುವವರೆಗೆ. ಆಟದ ದಿನ ರಂಗಕ್ಕೆ ಬಂದವನೇ ಕೈಯನ್ನೂ ಎತ್ತಲಿಲ್ಲ, ಏನನ್ನೂ ಹೇಳಲಿಲ್ಲ. ಕಲ್ಯಾಣ ಮಂಟಪದ ಕಿಟಕಿಗಳು ಗಡಗಡ ಅನ್ನುವ ಹಾಗೆ ಅಬ್ಬರಿಸಿಬಿಟ್ಟ. ಹೊಸಕೋಟೆಯ ಹುಡುಗಿ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಓಡಿದಳು. ತಾಯಿ ಅವಳ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದಳು.

ರಾಕ್ಷಸನಿಗೆ ತನ್ನ ತಪ್ಪು ಹೊಳೆದು ಜೀವ ಹಿಡಿಯಷ್ಟಾಯಿತು. ಊರಿಗೆ ಹೊರಟ ಅವರ ಹಿಂದೆ ಗದೆ ಸಮೇತ ಬಸ್ ಸ್ಟ್ಯಾಂಡಿಗೆ ಓಡಿದ. "ನಿಂತ್ಕಳಿ ತಾಯೀ! ತಪ್ಪಾಯ್ತು ತಾಯೀ!" ಅಂತ ಬೇಡಿಕೊಂಡದ್ದೂ ಅದೇ ಗಿರಣಿ ಗಂಟಲಲ್ಲೇ. ಕೋರೆಹಲ್ಲು, ಕೆಂಪು ಮುಖ, ಗದೆ ಮೂರೂ ಬಸ್ಸಿನ ಕಡೆಗೆ ಬರುವುದನ್ನು ಕಂಡ ಕಂಡಕ್ಟರ್ ಒಂದೇ ಉಸಿರಿಗೆ ವಿಷಲ್ ಊದಿದ. ಸೀಟು ತುಂಬುವ ಮುಂಚೆ ಆ ಬಸ್ಸು ಹೊರಟದ್ದು ಅದೊಂದೇ ದಿನವಂತೆ.

ಶಿರಾ

ಆ ತಾಯಿ ಇನ್ನು ನಮ್ಮ ಮುಖ ನೋಡುವುದಿಲ್ಲ ಅಂದುಕೊಂಡಿದ್ದೆ. ಶಿರಾದ ಆಟಕ್ಕೆ ಮಗಳನ್ನು ಕರೆದುಕೊಂಡು ಬಂದೇ ಬಂದಳು. ರಾಕ್ಷಸ ಈ ಸಲ ಕೈ ಎತ್ತಿದ, ಹೇಳಿದ, ಆಕಳಿಸಿದ. ಹುಡುಗಿ ಕೂತೇ ಇದ್ದಳು.

ಅರ್ಧ ಆಟಕ್ಕೆ ಅವಳು ಎದ್ದು ನೇರವಾಗಿ ರಂಗ ಹತ್ತಿ ಸಿಂಹಾಸನದ ಮೇಲೆ ಕೂತಳು. ತಾಯಿ ಗಾಬರಿಯಾಗಿ ಎದ್ದಳು. ಟೀಚರ್ "ಇರಲಿ ಬಿಡಿ" ಅಂತ ಸನ್ನೆ ಮಾಡಿದರು. ಒಳಗಿಂದ ರಾಜ ಬಂದ. ರಾಜ ಅಂದರೆ ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಜಾಗ ಇಲ್ಲದ್ದು ನೋಡಿ ಸುಮ್ಮನೆ ಕಂಬದ ಪಕ್ಕ ನಿಂತು ಹಾಡಲು ಶುರು ಮಾಡಿದರು.

ಕಷ್ಟ ಆದದ್ದು ಮಂತ್ರಿಗೆ. ಶಿರಾದಲ್ಲಿ ಬೇಕರಿ ಇಟ್ಟಿರುವ ಆತನಿಗೆ ಸಿಂಹಾಸನಕ್ಕೆ ಕೈಮುಗಿದು ಅಭ್ಯಾಸವೇ ಹೊರತು ರಾಜನಿಗಲ್ಲ. ಬಗ್ಗಿ "ಅಪ್ಪಣೆ ಏನು ಪ್ರಭೂ?" ಅಂದ.

"ನೀರು" ಅಂದಳು ಹುಡುಗಿ.

ಮಂತ್ರಿ ಓಡಿಹೋಗಿ ಲೋಟದಲ್ಲಿ ನೀರು ತಂದು ಎರಡೂ ಕೈಯಲ್ಲಿ ಕೊಟ್ಟ. ಅವಳು ಕುಡಿದು, ಲೋಟ ಅವನ ಕೈಗಿಟ್ಟು, ಇಳಿದು, ಬಾಗಿಲು ದಾಟಿ ಹೊರಟೇಹೋದಳು. ಪಾಪ, ತಾಯಿಗೆ ಅರ್ಧ ನಾಟಕವೇ ಗತಿಯಾಯಿತು.

ಆಟ ಮುಗಿದ ಮೇಲೆ ನಮ್ಮ ಹೆಡ್‌ಮಾಸ್ಟರು ಬಣ್ಣ ಒರೆಸಿಕೊಳ್ಳದೆ ಕೂತಿದ್ದರು. "ಇಪ್ಪತ್ತು ವರ್ಷ ಆಳಿದೀನಿ ಮೇಷ್ಟ್ರೇ. ಈ ಮಂತ್ರಿ ಒಂದು ದಿನ ನನಗೆ ತೊಟ್ಟು ನೀರು ಕೊಟ್ಟಿಲ್ಲ!"

ಮಧುಗಿರಿ

ಚಪ್ಪಾಳೆಯ ಸದ್ದು ಕೆಲವು ಮಕ್ಕಳಿಗೆ ಆಗದು. ಅದಕ್ಕೆ ಮಧುಗಿರಿಯಲ್ಲಿ ಟೀಚರ್ ಎಲ್ಲರಿಗೂ ಕಲಿಸಿದರು: ಹಾಡು ಹಿಡಿಸಿದರೆ ಎರಡೂ ಕೈ ಎತ್ತಿ ಆಡಿಸಿ, ಸದ್ದು ಬೇಡ. ಕಲಾವಿದರಿಗೂ ಹೇಳಿದ್ದರು. ಆದರೆ ಆ ಹೊತ್ತಿನಲ್ಲಿ ನಮ್ಮ ರಾಜ ಇಡ್ಲಿ ತಿನ್ನಲು ಹೋಗಿದ್ದರು.

ಅವತ್ತು ರಾಜರು ಹಾಡಿದ್ದು ನಿಜಕ್ಕೂ ಸೊಗಸಾಗಿತ್ತು. ಇಡೀ ಸಭೆ ಕೈ ಎತ್ತಿ ಆಡಿಸಿತು. ನೂರು ಜನ ಒಟ್ಟಿಗೆ 'ಹೋಗು, ಹೋಗು' ಅಂದ ಹಾಗೆ ಅವರಿಗೆ ಕಂಡಿತು. ಒಂದು ಚರಣ ತಡೆದುಕೊಂಡರು. ಎರಡನೆಯದಕ್ಕೆ ಇನ್ನೂ ಜೋರಾಗಿ ಕೈಗಳು ಆಡಿದವು. ಹಾಡು ನಿಲ್ಲಿಸಿ, ಕಿರೀಟ ತೆಗೆದು ನನ್ನ ಹಾರ್ಮೋನಿಯಂ ಮೇಲಿಟ್ಟು, ಮೆಟ್ಟಿಲಿಳಿದು ಹೋದರು.

ಕಿರೀಟ ತೆಗೆದದ್ದು ನೋಡಿ ನಾಟಕ ಮುಗಿಯಿತು ಅಂತ ಹುಡುಗಿ ಎದ್ದಳು. "ಇನ್ನೂ ಐತಮ್ಮ, ಇನ್ನೂ ಕೊನೇ ಸೀನ್ ಐತೆ!" ಅಂತ ತಾಯಿ ಬೇಡಿಕೊಂಡಳು. ಮಗಳಿಗೆ ಮುಗಿದದ್ದು ಮುಗಿಯಿತು, ಅವಳು ಬಸ್ಸಿಗೆ ನಡೆದಳು. ನಾವು ಬೀದಿಗೆ ಓಡಿ ರಾಜರನ್ನು ಹಿಡಿದೆವು.

"ಮೆಚ್ಚಿದ್ದಾ ಅದು?" ಅಂತ ಅವರು ದಂಗಾದರು. "ನಾನು ಪೆನ್ಷನ್ ತಗೊಂಡು ಸ್ಕೂಲು ಬಿಟ್ಟ ದಿನ ಮಕ್ಕಳೂ ಹೀಗೇ ಕೈ ಆಡಿಸಿದ್ರು ಕಣ್ರೀ!"

ಪಾವಗಡ

ಇನ್ನು ಉಳಿದದ್ದು ಒಂದೇ ಆಟ. ಪಾವಗಡಕ್ಕೆ ಬರುವ ಹೊತ್ತಿಗೆ ಟೀಚರ್ ಒಂದು ಹೊಸ ಉಪಾಯ ಮಾಡಿದ್ದರು. ಮುಂದೇನಾಗುತ್ತದೆ ಅಂತ ಗೊತ್ತಿದ್ದರೆ ಮಕ್ಕಳಿಗೆ ಹೆದರಿಕೆ ಕಮ್ಮಿ. ಅದಕ್ಕೆ ಒಂದು ಹಾಳೆಯಲ್ಲಿ ಏಳು ಚಿತ್ರ ಬರೆದು ಪ್ರತಿ ಮಗುವಿಗೂ ಕೊಟ್ಟರು. ಆರನೆಯದು: ರಾಕ್ಷಸ ಬೀಳುತ್ತಾನೆ. ಏಳನೆಯದು: ರಾಕ್ಷಸ ಎದ್ದು ಕೈಮುಗಿದು ಮನೆಗೆ ಹೋಗುತ್ತಾನೆ.

ತಾಯಿ ಬಂದವಳೇ ನನಗೆ ಕೈಮುಗಿದಳು. "ಏಂ ಚೇಸೇದಿ, ಏನ್ ಮಾಡೋದು ಸಾಮಿ, ಇವತ್ತಾದ್ರೂ ನಿಮ್ ರಾಕ್ಷಸ ಸಾಯೋದು ನೋಡ್ಬುಡ್ಬೇಕು."

ಆಟ ಶುರುವಾಯಿತು. ಹುಡುಗಿ ಹಾಳೆಯ ಮೇಲೆ ಬೆರಳಿಟ್ಟು ಕೂತಳು. ಒಂದು, ಎರಡು, ಐದು ಚಿತ್ರ ಸರಾಗವಾಗಿ ದಾಟಿತು. ಯುದ್ಧಕ್ಕೆ ಮುಂಚೆ ನಮ್ಮ ಕಡೆಯ ಪದ್ಧತಿಯಂತೆ ಊರಿನ ಮುಖಂಡರೊಬ್ಬರು ಶಾಲು, ಹಾರ ಹಿಡಿದು ರಂಗ ಹತ್ತಿ, "ಎರಡೇ ಎರಡು ಮಾತು" ಅಂತ ಮೈಕು ತಟ್ಟಿದರು. ಅವರ ಎರಡು ಮಾತು ಮುಗಿಯಲು ಮುಕ್ಕಾಲು ಗಂಟೆ ಬೇಕು.

ಹುಡುಗಿ ಎದ್ದು ನಿಂತು ಹಾಳೆ ತೋರಿಸಿದಳು. "ಹಾಳೇಲಿ ಇಲ್ಲ."

ಅತ್ತ ಇನ್ನೊಂದು ಮಗು ಹಾಳೆ ತಿರುಗಿಸಿ ನೋಡಿ "ಇಲ್ಲ" ಅಂದಿತು. ಮುಖಂಡರು ಇಳಿದುಬಂದು ಹಾಳೆ ಇಸಕೊಂಡು ನೋಡಿದರು. ತಾವು ನಿಜಕ್ಕೂ ಅದರಲ್ಲಿರಲಿಲ್ಲ. ಶಾಲು ತಾವೇ ಹೊದ್ದುಕೊಂಡು ಕೂತರು.

ರಾಕ್ಷಸ ಬಿದ್ದ, ಎದ್ದ, ಕೈಮುಗಿದ. ನೂರಾರು ಕೈ ಸದ್ದಿಲ್ಲದೆ ಆಡಿದವು. ಖುಷಿಯಿಂದ ಆ ತಾಯಿಯ ಕಡೆ ತಿರುಗಿದರೆ, ಆಕೆ ಗೋಡೆಗೊರಗಿ ಗಾಢ ನಿದ್ದೆಯಲ್ಲಿದ್ದಳು! ಮಗಳು ಪಕ್ಕದಲ್ಲಿ ನೆಮ್ಮದಿಯಾಗಿ ಕೂತದ್ದೇ ತಡ, ಎಷ್ಟು ವರ್ಷದ ನಿದ್ದೆಯೋ, ಎರಡನೇ ಚಿತ್ರಕ್ಕೇ ಹಿಡಿದುಬಿಟ್ಟಿತ್ತಂತೆ.

ಕಣ್ಣು ಬಿಟ್ಟವಳು "ಸತ್ನಾ?" ಅಂದಳು. ಮುಖ ಸಣ್ಣದಾಯಿತು.

ರಾಕ್ಷಸ ಕೆಳಗಿಳಿದು ಬಂದ. ಜನ್ಮದಲ್ಲೇ ಮೊದಲ ಸಲ ನಿಜವಾಗಿ ಮೆಲ್ಲಗೆ ಮಾತಾಡಿದ. "ಕೂತ್ಕ ತಾಯಿ. ನಿಂಗೋಸ್ಕರ ಇನ್ನೊಂದ್ಸಲ ಸಾಯ್ತೀನಿ."

"ಮನೆಗೆ ಹೋಗ್ತಾನೆ" ಅಂತ ಮಗಳು ಏಳನೇ ಚಿತ್ರದ ಮೇಲೆ ಬೆರಳಿಟ್ಟಳು. ಟೀಚರ್ ಪೆನ್ನು ತೆಗೆದು ಕೆಳಗೆ ಎಂಟನೆಯದು ಬರೆದರು: ಅಮ್ಮ ನೋಡುತ್ತಾಳೆ, ರಾಕ್ಷಸ ಇನ್ನೊಂದು ಸಲ ಬೀಳುತ್ತಾನೆ. ಹುಡುಗಿ ಬಹಳ ಹೊತ್ತು ನೋಡಿ, ಕೂತಳು.

ನಾನು ಹಾರ್ಮೋನಿಯಂ ತಿದಿ ಒತ್ತಿದೆ. ರಾಕ್ಷಸ ಆವತ್ತು ಸತ್ತ ಹಾಗೆ ಯಾವತ್ತೂ ಸತ್ತಿರಲಿಲ್ಲ. ತೂರಾಡಿದ, ಗದೆ ಬಿಟ್ಟ, ಹಾಡಿನ ಕೊನೇ ಸಾಲಿಗೆ ಸರಿಯಾಗಿ ದೊಪ್ಪನೆ ಬಿದ್ದ. ಬಿದ್ದಲ್ಲಿಂದಲೇ ಒಂದು ಕಣ್ಣು ತೆರೆದು ಕೇಳಿದ: "ಆಯ್ತಾ ತಾಯಿ? ಏಳ್ಲಾ?"

ತಾಯಿ ಸೆರಗಿನಿಂದ ಮುಖ ತೆಗೆದಳು. "ಕಣ್ಣೀರು ಬಂದ್ಬುಡ್ತು ಕಣಣ್ಣ, ಒರೆಸ್ಕೊತಿದ್ದೆ. ಬಿದ್ದಿದ್ದು ಮಾತ್ರ ಕಾಣ್ಲಿಲ್ಲ."

ರಾಕ್ಷಸ ನನ್ನ ಮುಖ ನೋಡಿದ, ನಾನು ಟೀಚರ್ ಮುಖ ನೋಡಿದೆ. ಅಷ್ಟರಲ್ಲಿ ಮಗಳು ಟೀಚರ್ ಕೈಯಿಂದ ಪೆನ್ನು ಕಿತ್ತುಕೊಂಡು ಒಂಬತ್ತನೇ ಚಿತ್ರ ಬರೆಯಲು ಶುರು ಮಾಡಿದ್ದಳು.