ಆಚೆಯ ಊರಿನ ಟೀ ರೇಟು

ನನಗೊಂದು ಕೆಟ್ಟ ಚಟವಿದೆ. ಯಾರೇ ಹೊರದೇಶಕ್ಕೆ ಹೋಗಿಬರಲಿ, ಏನೇನು ನೋಡಿದಿರಿ ಎಂದು ಕೇಳುವುದಿಲ್ಲ, ಅಲ್ಲಿ ಒಂದು ಲೋಟ ಟೀಗೆ ಎಷ್ಟು ಎಂದು ಕೇಳುತ್ತೇನೆ. ಚಳ್ಳಕೆರೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು ನಾನು. ಪೇಪರಿನಲ್ಲಿ ಡಾಲರಿನ ಬೆಲೆ ಏನೇ ಇರಲಿ, ದುಡ್ಡಿನ ನಿಜವಾದ ತಾಕತ್ತು ತಿಳಿಯುವುದು ಟೀ ಅಂಗಡಿಯಲ್ಲಿ ಎಂಬುದು ನನ್ನ ನಂಬಿಕೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿ. ದುಬೈಯಲ್ಲಿ ಒಬ್ಬ ಕುಡಿಯುವ ದುಡ್ಡಿಗೆ ಇಲ್ಲಿ ಇಬ್ಬರು ಕುಡಿಯಬಹುದು. "ನೀವು ಸತ್ತ ಮೇಲೂ ಮೊದಲು ರೇಟೇ ಕೇಳ್ತೀರಿ ಬಿಡ್ರಿ" ಎನ್ನುತ್ತಾಳೆ ನನ್ನ ಹೆಂಡತಿ.

ಮೊನ್ನೆ ಮೊಳಕಾಲ್ಮುರಿನಿಂದ ಅಕ್ಕ ಫೋನು ಮಾಡಿದಳು. ಅವ್ವ ಇರುವುದು ಅವಳ ಮನೆಯಲ್ಲೇ. "ಅವ್ವ ಟೀ ಮುಟ್ತಾ ಇಲ್ಲ ಕಣೋ, ಊಟಾನೂ ಅಷ್ಟಕ್ಕಷ್ಟೆ. ನೀನೇ ಬಂದು ಕೇಳು." ಟೀ ಇಲ್ಲದೆ ಕಣ್ಣೇ ಬಿಡದ ಅವ್ವ. ಸಿಕ್ಕಿದ ಬಸ್ಸು ಹತ್ತಿದೆ.

"ನಿಮ್ಮಪ್ಪ ಕನಸಾಗೆ ಬಂದಿದ್ದ ಕಣಪ್ಪ," ಎಂದಳು ಅವ್ವ. "ಹಣೆಗಿಟ್ಟು ಕಳಿಸಿದ ಒಂದ್ರುಪಾಯಿ ಅಲ್ಲಿ ಟೀಗೂ ಸಾಲಲ್ವಂತೆ. ಅಂಗಡಿ ಮುಂದೆ ಸುಮ್ನೆ ನಿಂತೈತೆ ಆ ಜೀವ. ನಾನೆಂಗೆ ಕುಡೀಲಿ? ದೇಶದೇಶದ್ದೆಲ್ಲ ಲೆಕ್ಕ ಹಾಕ್ತೀಯಲ್ಲ, ಅಲ್ಲಿ ಎಷ್ಟೈತೆ ಹೇಳು."

ಅಪ್ಪನನ್ನು ಮಣ್ಣು ಮಾಡುವಾಗ ಆ ನಾಣ್ಯವನ್ನು ವಿಭೂತಿ ಹಚ್ಚಿ ಹಣೆಗೆ ಒತ್ತಿದವನು ನಾನೇ. ಆ ಊರಿಗೆ ಹೋಗಿಬಂದವರು ಯಾರೂ ನನಗೆ ಪರಿಚಯವಿಲ್ಲ. ಜೇಬಿನಿಂದ ಹತ್ತು ರೂಪಾಯಿಯ ನಾಣ್ಯ ತೆಗೆದುಕೊಟ್ಟೆ.

ಅವ್ವ ತಿರುಗಿಸಿ ನೋಡಿದಳು. "ಇದನ್ನ ಚಳ್ಳಕೆರೆಯಾಗೇ ಯಾರೂ ತಗಳಲ್ಲ. ಅಲ್ಲಿ ನಡೀತೈತಾ?"

"ಅಲ್ಲಿಯವರು ನಮ್ಮಷ್ಟು ಅನುಮಾನದವರಲ್ಲ ಬಿಡವ್ವ, ಅಪ್ಪ ಮತ್ತೆ ಕನಸಿಗೆ ಬಂದರೆ ಕೊಡು," ಎಂದೆ. ಅವಳ ಸೆರಗಿನ ತುದಿಗೆ ನಾನೇ ಅದನ್ನು ಬಿಗಿಯಾಗಿ ಗಂಟು ಹಾಕಿಕೊಟ್ಟೆ.

ಬೆಳಿಗ್ಗೆ ಎದ್ದಾಗ ಅವ್ವ ಟೀ ಕುಡಿಯುತ್ತಿದ್ದಳು. ಗಂಟು ನಾನು ಹಾಕಿದಂತೆಯೇ ಇತ್ತು. ಬಿಚ್ಚುವಾಗ ಉಗುರು ನೋಯಿತು, ಅದಕ್ಕೇ ಖಚಿತವಾಗಿ ಹೇಳುತ್ತಿದ್ದೇನೆ. ಒಳಗೆ ನನ್ನ ನಾಣ್ಯವಿರಲಿಲ್ಲ. ಒಂದು ರೂಪಾಯಿ ಇತ್ತು. ಅದರ ಒಂದು ಮುಖಕ್ಕೆ ವಿಭೂತಿ ಮೆತ್ತಿತ್ತು. ಅವ್ವನ ಮೈಶಾಖದಲ್ಲೇ ಇದ್ದರೂ ತಣ್ಣಗಿತ್ತು. ಅಕ್ಕನನ್ನು ನೋಡಿದೆ. ಅವಳು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದಳು.

"ಚಿಲ್ಲರೆ ಕೊಟ್ಟು ಹೋದ," ಎಂದಳು ಅವ್ವ, ಲೋಟ ಕೆಳಗಿಡುತ್ತ. "ಯಾರ ದುಡ್ಡೂ ಇಟ್ಕಳ್ಳೋನಲ್ಲ."

ನನ್ನ ಹಾಳು ತಲೆ ಲೆಕ್ಕ ಮಾಡಿಯೇಬಿಟ್ಟಿತು. ಅಲ್ಲಿ ಟೀ ಒಂಬತ್ತು ರೂಪಾಯಿ. ನಮಗಿಂತ ಅಗ್ಗ.

ನಿನ್ನೆ ಬಸ್ ಸ್ಟ್ಯಾಂಡಿನ ಅಂಗಡಿಯವನು, ಮುಂದಿನ ತಿಂಗಳಿಂದ ಟೀ ಹನ್ನೆರಡು ಮಾಡ್ತೀನಿ ಸಾರ್, ಎಂದು ಅಳುಕುತ್ತಲೇ ಹೇಳಿದ. ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಹದಿನೈದೇ ಮಾಡಪ್ಪ, ನನಗೆ ಇಲ್ಲಿಯದೇ ರುಚಿ, ಎಂದು ಇನ್ನೊಂದು ಲೋಟ ಹೇಳಿದೆ.