ಸೋರಿಕೆ ಸಾಹೇಬರ ಹವಳದ ತೊಟ್ಟಿ

ಸೋರಿಕೆ ಸಾಹೇಬರಿಗೆ ತಮ್ಮ ಮನೆಯ ಮೇಲೆ ಇದ್ದದ್ದು ಒಂದೇ ಒಂದು ದೂರು: ಅಲ್ಲಿ ಏನೂ ಸೋರುತ್ತಿರಲಿಲ್ಲ.

ನೀರು ಸರಬರಾಜು ಇಲಾಖೆಯ ಸೋರಿಕೆ ತಡೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಮನುಷ್ಯ ಅವರು. ನೆಲಕ್ಕೆ ಕಿವಿಯಿಟ್ಟು "ಇಲ್ಲೇ ಇದೆ, ಅಗೀರಿ" ಎಂದು ಅವರು ತೋರಿಸಿದ ಜಾಗದಲ್ಲಿ ನೀರು ಚಿಮ್ಮದೇ ಇದ್ದದ್ದಿಲ್ಲ (ಒಮ್ಮೆ ಮಾತ್ರ ಟೆಲಿಫೋನ್ ತಂತಿ ಸಿಕ್ಕಿತ್ತು, ಅದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ). ಹೆಸರಿಟ್ಟವರು ಕಚೇರಿಯವರು, ಉಳಿಸಿಕೊಂಡವರು ಮನೆಯವರು. ನಿವೃತ್ತಿಯ ಮೊದಲ ವಾರದಲ್ಲೇ ಸಾಹೇಬರು ಮನೆಯ ನಲ್ಲಿಗಳನ್ನೆಲ್ಲ ಬಿಗಿ ಮಾಡಿಟ್ಟರು. ಎಷ್ಟು ಬಿಗಿ ಎಂದರೆ, ಜೊತೆಯಲ್ಲೇ ಇದ್ದ ಅವರ ಅತ್ತೆ, ಎಂಬತ್ತರ ಮುದುಕಿ, ಕೈ ತೊಳೆಯಬೇಕಾದರೂ ಅಳಿಯನನ್ನು ಕೂಗಬೇಕಿತ್ತು. ಎರಡನೇ ವಾರದಿಂದ ಸಾಹೇಬರಿಗೆ ಮಾಡಲು ಕೆಲಸವಿಲ್ಲದೆ, ಹೆಂಡತಿ ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ನೀರು ಎಷ್ಟು ಪೋಲಾಯಿತೆಂದು ಹೇಳುತ್ತಿದ್ದರು.

ಹೆಂಡತಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವರು. ಬೀದಿಯವರ ಬಾಯಲ್ಲಿ ಟೀಚರಮ್ಮ. ಅವರ ಶಾಲೆಯ ಪ್ರಯೋಗಾಲಯದಲ್ಲಿ ಉಪ್ಪುನೀರಿನ ಒಂದು ಅಕ್ವೇರಿಯಂ, ಅದರಲ್ಲೊಂದು ಹಸಿರು ಹವಳ. ಹೆಬ್ಬೆರಳಿನಷ್ಟಿದ್ದದ್ದನ್ನು ಟೀಚರಮ್ಮ ಹನ್ನೊಂದು ವರ್ಷ ಸಾಕಿ ಅಂಗೈ ಅಗಲ ಮಾಡಿದ್ದರು. ಈ ವರ್ಷ ಹೊಸ ಹೆಡ್‌ಮಾಸ್ಟರು ಬಂದು, ಆ ಜಾಗದಲ್ಲಿ ಕಂಪ್ಯೂಟರ್ ಇಡಬೇಕು, ಕಲ್ಲುಗಿಲ್ಲು ತೆಗೆಯಿರಿ ಎಂದರು. ಟೀಚರಮ್ಮ ಹವಳವನ್ನು ಬಕೆಟ್ಟಿಗಿಳಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದರು. ಬಚ್ಚಲಿನ ಟಬ್ಬಿನಲ್ಲಿ ಅದು ಮೈಮೇಲಿನ ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಮುದುಡಿ ಕುಳಿತಿತು.

"ಹತ್ತು ದಿನದೊಳಗೆ ದೊಡ್ಡ ತೊಟ್ಟಿ ಆಗ್ಬೇಕು ರೀ. ಇದು ಅಲೆಯಲ್ಲಿ ಬೆಳೆಯೋ ಜೀವ. ಸುತ್ತ ನೀರು ಓಡಾಡ್ತಾ ಇರ್ಲಿಲ್ಲ ಅಂದ್ರೆ ಉಳಿಯಲ್ಲ. ನಾಳೆ ಪ್ಲಂಬರನ್ನ ಕರೀತೀನಿ."

"ನಾನು ಬದುಕಿರೋವಾಗ ಈ ಮನೆಗೆ ಪ್ಲಂಬರಾ?"

"ಬದುಕಿದ್ದೀರಿ ಅಂತಲೇ ಮೊದಲು ನಿಮಗೆ ಹೇಳ್ತಿರೋದು."

ಬಾಯಲ್ಲಿ ತಮಾಷೆ ಇದ್ದರೂ ಟೀಚರಮ್ಮನ ಕಣ್ಣಲ್ಲಿ ನೀರಿತ್ತು. ಸಾಹೇಬರು ಅದನ್ನು ನೋಡಿದರು. ಮೂವತ್ತೊಂದು ವರ್ಷ ಊರವರ ಪೈಪಿನ ಹಿಂದೆ ಓಡಾಡಿದ್ದೇ ಆಯಿತು, ಇವಳಿಗಾಗಿ ಒಂದು ಚೊಂಬು ನೀರನ್ನೂ ಹರಿಸಲಿಲ್ಲವಲ್ಲ ಎಂದು ಅವರಿಗೆ ನಿಜವಾಗಿಯೂ ಸಂಕಟವಾಯಿತು. ಈ ಹವಳ ಉಳಿಯಬೇಕು, ಅದೂ ತಮ್ಮ ಕೈಯಿಂದಲೇ ಉಳಿಯಬೇಕು ಎಂದು ನಿಶ್ಚಯಿಸಿಬಿಟ್ಟರು.

ಮಾರನೆಯ ದಿನ ಊಟದ ಮೇಜಿನ ಮೇಲೆ ಮಹಾನಕ್ಷೆಯೊಂದು ಹರಡಿಕೊಂಡಿತು. (ಊಟ ನೆಲದ ಮೇಲಾಯಿತು.) ಯೋಜನೆ ಇಷ್ಟೇ: ಹಾಲಿನಲ್ಲಿ ಮೇಲೊಂದು ಗಾಜಿನ ತೊಟ್ಟಿ, ಅದರ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಚಿಕ್ಕದು. ಮೇಲಿನದು ತುಂಬಿ ಹೆಚ್ಚಾದ ನೀರು ಒಂದು ಪೈಪಿನಲ್ಲಿ ಕೆಳಗಿಳಿಯಬೇಕು. ಕೆಳಗೆ ಶುದ್ಧವಾಗಿ, ಪಂಪಿನ ಬಲದಿಂದ ಇನ್ನೊಂದು ಪೈಪಿನಲ್ಲಿ ಮೇಲೇರಬೇಕು. ಇಳಿಯುವ ಪೈಪಿಗೆ ನೀಲಿ ಗೆರೆ, ಏರುವ ಪೈಪಿಗೆ ಕೆಂಪು. ಸಾಹೇಬರು ಏರುವ ಪೈಪಿನ ಬಾಯನ್ನು ಮೇಲಿನ ತೊಟ್ಟಿಯ ತಳದವರೆಗೂ ಇಳಿಸಿದ್ದರು, ನೋಡಲು ಅಚ್ಚುಕಟ್ಟಾಗಿರಲೆಂದು.

"ಎಲ್ಲಾ ಸರಿ, ಆದ್ರೆ ನೀರು ಒಂದೇ ಕಡೆ ಹೋಗ್ತಿದೆಯಲ್ಲ" ಎಂದರು ಟೀಚರಮ್ಮ. "ಸಮುದ್ರದಲ್ಲಿ ಅದು ಒಂದ್ಸಲ ಹೀಗೆ, ಒಂದ್ಸಲ ಹಾಗೆ ನುಗ್ಗುತ್ತೆ. ಹವಳಕ್ಕೆ ಬೇಕಾಗಿರೋದು ಆ ಗಲಾಟೆ."

"ನೀರು ಅಂದ್ರೆ ಶಿಸ್ತು ಕಣೇ. ಗಲಾಟೆ ಮಾಡೋ ನೀರಿಗೆ ನಮ್ಮ ಇಲಾಖೆ ಒಪ್ಪಿಗೆ ಕೊಡಲ್ಲ."

"ಸಮುದ್ರ ನಿಮ್ಮ ಇಲಾಖೆ ಕೇಳಿ ಆಗಿದ್ದಲ್ಲ ರೀ."

ಮೂಲೆಯ ಕುರ್ಚಿಯಿಂದ ಅತ್ತೆ, "ಹೋಗ್ಲಿ ಬಿಡೇ, ಅವರು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದರು.

ಟೀಚರಮ್ಮ ಆ ವಾರವೆಲ್ಲ ಹವಳ ಸಾಕುವ ದಪ್ಪ ಪುಸ್ತಕವೊಂದನ್ನು ಓದಿದರು. ಅದರಲ್ಲೊಂದು ಎಚ್ಚರಿಕೆಯಿತ್ತು: ಕರೆಂಟು ಹೋಗಿ ಪಂಪು ನಿಂತರೆ, ಮೇಲೇರುವ ಪೈಪೇ ಹಿಮ್ಮುಖವಾಗಿ ಮೇಲಿನ ತೊಟ್ಟಿಯ ನೀರನ್ನೆಲ್ಲ ಕೆಳಕ್ಕೆ ಹೀರುತ್ತದೆ. ಅದಕ್ಕೆ ಆ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಚೂರೇ ಕೆಳಗೆ, ಸಣ್ಣ ತೂತಿರಬೇಕು. ಮಟ್ಟ ಇಳಿದೊಡನೆ ತೂತಿನಿಂದ ಗಾಳಿ ನುಗ್ಗಿ, ಹೀರುವುದು ನಿಲ್ಲುತ್ತದೆ. ಟೀಚರಮ್ಮ ನಕ್ಷೆಯ ಮೇಲೆ ಪೆನ್ಸಿಲ್ಲಿನಲ್ಲಿ "ಇಲ್ಲಿ ತೂತು ಬೇಕು, ಮರೀಬೇಡಿ" ಎಂದು ಬರೆದಿಟ್ಟರು.

ಇಲಾಖೆಯಲ್ಲಿ ಒಂದು ಪದ್ಧತಿಯಿತ್ತು. ನಕ್ಷೆಯ ಮೇಲೆ ಯಾರು ಏನೇ ಗೀಚಲಿ, ಪಕ್ಕದಲ್ಲಿ ಸಾಹೇಬರ ಚಿಕ್ಕ ಸಹಿ ಇಲ್ಲದಿದ್ದರೆ ಅದು ಗೀಚೇ. ಸಾಹೇಬರು ಪೆನ್ಸಿಲ್ ಗುರುತನ್ನು ಕಂಡರು, ಸಹಿಯನ್ನು ಕಾಣಲಿಲ್ಲ, ಓದುವ ಗೋಜಿಗೂ ಹೋಗದೆ ರಬ್ಬರಿನಲ್ಲಿ ಉಜ್ಜಿಬಿಟ್ಟರು. ಗಂಡನ ಸ್ವಭಾವ ಅರಿತ ಟೀಚರಮ್ಮ, ಬರೆದದ್ದನ್ನು ನಂಬಿಕೊಂಡು ಕೂರದೆ, ಅವರು ಸ್ನಾನಕ್ಕೆ ಹೋಗಿದ್ದಾಗ ತಾವೇ ಡ್ರಿಲ್ ಹಿಡಿದು ತೂತು ಕೊರೆದಿಟ್ಟರು.

ಶುಕ್ರವಾರ ತೊಟ್ಟಿಗೆ ನೀರು ತುಂಬಿ ಪಂಪು ಓಡಿತು. ಟೀಚರಮ್ಮ ಶಾಲೆಗೆ ಹೋದರು. ಸಾಹೇಬರು ಕುರ್ಚಿ ಎಳೆದುಕೊಂಡು ತಮ್ಮ ಸೃಷ್ಟಿಯನ್ನು ನೋಡುತ್ತ ಕುಳಿತವರು ಹಾಗೇ ಮುಂದಕ್ಕೆ ಬಾಗಿದರು. ತೊಟ್ಟಿಯ ನೀರಿನೊಳಗೇ, ಏರುವ ಪೈಪಿನ ಪಕ್ಕದಿಂದ ದಾರದಷ್ಟು ಸಣ್ಣಗೆ ನೀರು ಚಿಮ್ಮುತ್ತಿತ್ತು. ತಿಂಗಳುಗಟ್ಟಲೆ ಉಪವಾಸವಿದ್ದವನ ಮುಂದೆ ಎಲೆ ಹಾಕಿದಂತಾಯಿತು ಅವರಿಗೆ.

"ನಮ್ಮ ಮನೇಲಿ. ನನ್ನ ಕಣ್ಣ ಮುಂದೆ" ಎಂದು ಗೊಣಗಿ, ಪಂಪು ನಿಲ್ಲಿಸುವ ವ್ಯವಧಾನವೂ ಇಲ್ಲದೆ, ನೀರಿನಲ್ಲೇ ಗಟ್ಟಿಯಾಗುವ ಅಂಟನ್ನು ಕಲಸತೊಡಗಿದರು.

"ಅದು ಅವಳೇ ಮಾಡಿದ ತೂತು ಅನ್ಸುತ್ತೆ ಕಣಪ್ಪಾ" ಎಂದರು ಅತ್ತೆ. "ಮೊನ್ನೆ ಏನೋ ಗುರ್ ಅಂತ ಕೊರೀತಿದ್ಲು."

"ಅತ್ತೇ, ಬುದ್ಧಿ ಇರೋರು ಯಾರಾದ್ರೂ ಬೇಕಂತ ಪೈಪಿಗೆ ತೂತು ಹೊಡೀತಾರಾ?"

"ಬುದ್ಧಿ ಇರೋಳೇ ಅವಳು. ನಿಮ್ಮನ್ನ ಮದುವೆ ಆದಾಗ ಮಾತ್ರ ಸ್ವಲ್ಪ ಯೋಚನೆ ಮಾಡ್ಲಿಲ್ಲ."

ಸಾಹೇಬರು ಕೇಳಿಸದವರಂತೆ ಅಂಟು ಮೆತ್ತಿದರು. ಬರೇ ಮೆತ್ತಲಿಲ್ಲ, ಮೂರು ಸುತ್ತು ಮೆತ್ತಿದರು. ಹೆಂಡತಿಗೆ ಹೇಳಲೂ ಇಲ್ಲ. ಹೊಗಳಿಸಿಕೊಳ್ಳಲು ಸರಿಯಾದ ಮುಹೂರ್ತ ಬರಲಿ ಎಂದು ಕಾದರು.

ಆ ಮುಹೂರ್ತ ಶನಿವಾರ ಸಂಜೆ ಬಂತು. ಸಾಹೇಬರೇ ಖುದ್ದಾಗಿ ಬೀದಿ ಕೊನೆಯ ಪ್ಲಂಬರನ್ನು, ಕೆಲಸ ಅಂದರೆ ಹೇಗಿರುತ್ತದೆಂದು ಕಣ್ಣಾರೆ ನೋಡಲಿ ಎಂದು ಕರೆದು ತಂದಿದ್ದರು. ಟೀಚರಮ್ಮ ಮಗುವನ್ನು ಮಲಗಿಸುವ ಹಾಗೆ ಹವಳವನ್ನು ಎತ್ತಿ ತಂದು ಮೇಲಿನ ತೊಟ್ಟಿಯೊಳಗೆ ಇಟ್ಟಿದ್ದ ಬಂಡೆಯ ತುದಿಯಲ್ಲಿ ಕೂರಿಸಿದರು. ಅದು ಮುದುಡಿಕೊಂಡೇ ಇತ್ತು.

"ಈಗ ಕರೆಂಟು ಹೋದ್ರೆ ಏನಾಗುತ್ತೆ ಅಂತ ಒಂದ್ಸಲ ನೋಡಿಬಿಡೋಣ" ಎಂದು ಟೀಚರಮ್ಮ ಪಂಪಿನ ಸ್ವಿಚ್ಚು ಆರಿಸಿದರು.

ಮೇಲಿನ ನೀರು ಇಳಿಯತೊಡಗಿತು. "ಎರಡು ಬೆರಳು ಇಳಿದು ನಿಲ್ಲುತ್ತೆ" ಎಂದರು ಟೀಚರಮ್ಮ. ಎರಡು ಬೆರಳಾಯಿತು, ನಾಲ್ಕಾಯಿತು, ಗೇಣಾಯಿತು. ಕೆಳಗಿನ ತೊಟ್ಟಿ ತುಂಬಿ, ನೀರು ಕಪಾಟಿನಿಂದ ಹೊರಬಂದು, ಅತ್ತೆಯ ಕುರ್ಚಿಯ ಕಡೆಗೆ ಹೊರಟಿತು. ನೆಲದ ಮೇಲೆ ಹರಿದಾಡುತ್ತಿದ್ದ ವೈರುಗಳನ್ನು ನೋಡಿ ಪ್ಲಂಬರ್ ಓಡಿಹೋಗಿ ಇಡೀ ಮನೆಯ ಮೇನ್ ಸ್ವಿಚ್ಚೇ ಇಳಿಸಿದ. ಪಂಪು ಮತ್ತೆ ಹಾಕುವ ದಾರಿಯೂ ಮುಚ್ಚಿತು. ಹವಳದ ತಲೆ ನೀರಿನಿಂದ ಹೊರಗೆ ಬಂತು.

"ನಾನು ಮಾಡಿದ್ದ ತೂತು ಎಲ್ಲಿ?" ಎಂದರು ಟೀಚರಮ್ಮ.

ಸಾಹೇಬರು ಹೊಗಳಿಕೆಗೆಂದು ಇಟ್ಟುಕೊಂಡಿದ್ದ ಮುಖವನ್ನು ಎಲ್ಲಿಡಬೇಕೋ ತಿಳಿಯದೆ, "ಅದು... ಸೋರ್ತಿತ್ತು" ಎಂದರು.

"ವಾಲ್ವು ಮುಚ್ಚಿ ಸಾರ್" ಎಂದ ಪ್ಲಂಬರ್. ವಾಲ್ವು ಕೈಗೆ ಸಿಗದಂತೆ ಕಪಾಟಿನ ಹಿಂದೆ ಗೋಡೆಗಂಟಿಕೊಂಡಿತ್ತು, ಯಾರೂ ಕೈಯಾಡಿಸಬಾರದೆಂದು ಸಾಹೇಬರೇ ಅಲ್ಲಿ ಕೂರಿಸಿದ್ದರು. "ಹಾಗಾದ್ರೆ ಪೈಪ್ ಬಿಚ್ಚೋಣ." ಬಿಚ್ಚಲು ಬಂದರೆ ತಾನೇ? ಸಾಹೇಬರು ಹಾಕಿದ ಜೋಡಣೆ. ಪ್ಲಂಬರ್ ತನ್ನ ಚೀಲದಿಂದ ಸ್ಕ್ರೂಡ್ರೈವರ್ ಸುತ್ತಿಗೆ ತೆಗೆದು ಸುಮ್ಮನೆ ಸಾಹೇಬರ ಮುಂದೆ ಹಿಡಿದ.

"ನಾನಾ?" ಎಂದರು ಸಾಹೇಬರು.

"ಮುಚ್ಚಿದೋರು ನೀವು" ಎಂದರು ಟೀಚರಮ್ಮ. "ಬೇಗ ರೀ, ಒಣಗ್ತಿದೆ."

ಸಾಹೇಬರು ಪಂಚೆ ಎತ್ತಿ ಕಟ್ಟಿ ಸ್ಟೂಲು ಹತ್ತಿದರು. ಅಂಟಿನ ಮೇಲೆ ಕುಟ್ಟಿದರು. ಜಗ್ಗಲಿಲ್ಲ. ಇನ್ನೂ ಕುಟ್ಟಿದರು. ಮೂರು ಸುತ್ತಿನ ಕೆಲಸ, ಮಾಡಿದವರ ಮುಲಾಜೂ ಅದಕ್ಕಿರಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು, ಪಕ್ಕದಲ್ಲೇ, ಒಳ್ಳೆಯ ಪೈಪಿನ ಮೇಲೆ, ತಮ್ಮ ಜೀವಮಾನದ ಮೊದಲ ಸೋರಿಕೆಯನ್ನು ತಾವೇ ಹೊಡೆದರು. ಗೊರಗೊರ ಎಂದು ಗಾಳಿ ಒಳನುಗ್ಗಿತು. ನೀರಿಳಿಯುವುದು ನಿಂತಿತು. ಟೀಚರಮ್ಮ ಚೊಂಬಿನಿಂದ ಹವಳದ ತಲೆಯ ಮೇಲೆ ನೀರು ಹಾಕುತ್ತಲೇ ಇದ್ದರು. ಸಾಹೇಬರು ಸ್ಟೂಲಿನ ಮೇಲೇ ಕುಳಿತುಬಿಟ್ಟರು.

"ತಪ್ಪಾಯ್ತು ಕಣೇ" ಎಂದರು.

"ಮೊದಲು ನೆಲ ಒರೆಸಿ" ಎಂದರು ಟೀಚರಮ್ಮ, ಆದರೆ ಒರೆಸುವ ಬಟ್ಟೆಯ ಇನ್ನೊಂದು ತುದಿಯನ್ನು ತಾವೂ ಹಿಡಿದುಕೊಂಡರು.

ನೆಲ ಒಣಗಿ, ಕರೆಂಟು ಬಂದು, ಪಂಪು ಓಡಿತು. ಸಾಹೇಬರು ಹೊಡೆದ ತೂತು ತೂತಿನಂತಿರಲಿಲ್ಲ. ಸೊಟ್ಟಗೆ, ಅಗಲವಾಗಿ, ಹರಿದ ಜೇಬಿನಂತಿತ್ತು. ಅದರಿಂದ ನೀರು ಒಮ್ಮೆ ಎಡಕ್ಕೆ ನುಗ್ಗಿ, ಒಮ್ಮೆ ತಡೆದು, ಮತ್ತೆ ಮೇಲಕ್ಕೆ ಹಾರಿ, ನಕ್ಷೆಯಲ್ಲಿ ಇಲ್ಲದ ದಾರಿಗಳಲ್ಲೆಲ್ಲ ಓಡಾಡಿತು. ಸಾಹೇಬರು ನೋಡಲಾಗದೆ ಮುಖ ತಿರುಗಿಸಿಕೊಂಡರು. ಬೆಳಗ್ಗೆ ಎದ್ದೊಡನೆ ಹೊಸ ಪೈಪು ಹಾಕುವುದೆಂದು ನಿಶ್ಚಯಿಸಿ ಮಲಗಿದರು.

ಬೆಳಗ್ಗೆ ಎದ್ದು, ಹೊಸ ಪೈಪು ಬಗಲಲ್ಲಿಟ್ಟುಕೊಂಡು ಹಾಲಿಗೆ ಬಂದರೆ, ಟೀಚರಮ್ಮ ಮತ್ತು ಅತ್ತೆ ತೊಟ್ಟಿಯ ಮುಂದೆ ಕುಳಿತಿದ್ದರು. ಹವಳ ಅರಳಿತ್ತು. ಪೂರ್ತಿ ಅಲ್ಲ, ತೂತಿನ ಕಡೆಗಿದ್ದ ಅರ್ಧ ಮಾತ್ರ, ಹಸಿರು ಎಳೆಗಳನ್ನೆಲ್ಲ ಹೊರಗೆ ಚಾಚಿ ಆ ಸೊಟ್ಟ ನೀರಿನಲ್ಲಿ ತೂಗಾಡುತ್ತಿತ್ತು. ಶಿಸ್ತಿನ ನೀರಿನ ಕಡೆಗಿದ್ದ ಅರ್ಧ ಇನ್ನೂ ಮುದುಡಿಕೊಂಡೇ ಇತ್ತು.

ಸಾಹೇಬರು ಬಾಗಿ ಎರಡೂ ಕಡೆ ನೋಡಿದರು. ಟೀಚರಮ್ಮ ಅವರ ಬಗಲಿನಿಂದ ಪೈಪನ್ನು ಮೆಲ್ಲಗೆ ಎಳೆದು ಗೋಡೆಗೊರಗಿಸಿ, ಸುತ್ತಿಗೆಯನ್ನು ಕೈಗಿಟ್ಟರು.

"ಆ ಕಡೆಗೂ ಒಂದು ಹೊಡೀರಿ" ಎಂದರು. "ಸರಿಯಾಗಿ ಹೊಡೀಬೇಡಿ ಮತ್ತೆ. ನಿನ್ನೆ ಹೊಡೆದ ಹಾಗೇ ಹೊಡೀರಿ."