ಮಾವನನ್ನು ಬಿಡಿಸಿದ ಲೆಕ್ಕ

ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವ ರೋಗ ನನ್ನ ಸೋದರಮಾವನಿಗೆ ಎಂದೂ ತಗುಲಲಿಲ್ಲ. ಮಕ್ತಲ್‌ನಲ್ಲಿ ಲೆಕ್ಕದ ಮಾಸ್ತರು. ಗೊತ್ತಿಲ್ಲದ್ದು ಎರಡಿದ್ದರೆ, ಒಂದನ್ನು ಇನ್ನೊಂದರ ಲೆಕ್ಕದಲ್ಲಿ ಹೇಳಿ, ಅದರ ಜಾಗದಲ್ಲಿ ಇದನ್ನು ಕೂರಿಸಬೇಕು ಎಂಬುದು ಅವರ ಸೂತ್ರ. ಜಗತ್ತನ್ನೇ ಹೀಗೆ ಬಿಡಿಸಬಹುದೆಂದು ನಂಬಿದ್ದರು. ಉಪ್ಪೆಷ್ಟು ಹಾಕಲಿ ಎಂದು ಅತ್ತೆ ಕೇಳಿದರೆ "ಖಾರದ ಅರ್ಧ". ಖಾರ? "ಉಪ್ಪಿನ ಎರಡರಷ್ಟು." ಆ ದಿನದ ಸಾರನ್ನು ನೀವೇ ಊಹಿಸಿಕೊಳ್ಳಿ!

ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಮುಗಿದ ಹೊಸತು. ಗದ್ವಾಲಕ್ಕೆ ಹೊರಟ ಮಾವ ಕೃಷ್ಣೆಯ ದಂಡೆಯಲ್ಲಿ ಹರಿಗೋಲಿಗೆ ಕಾಯುತ್ತಿದ್ದರು. ಹಳೆಯ ಸರ್ಕಾರಿ ರೂಢಿಯಂತೆ ಶೇರವಾನಿ, ಕುಚ್ಚಿನ ಕೆಂಪು ರೂಮಿ ಟೋಪಿ. ತಲೆಮರೆಸಿಕೊಂಡಿದ್ದ ನಿಜಾಮರ ಕಡೆಯ ರಜಾಕಾರರನ್ನು ಹುಡುಕುತ್ತಿದ್ದ ಜಮಾದಾರ ತಡೆದ.

"ವಯಸ್ಸೆಷ್ಟ್ರೀ?"

"ನಂದೂ ಹೆಂಡತೀದೂ ಕೂಡಿದ್ರ ಅರವತ್ತು, ಕಳೆದ್ರ ಹತ್ತು."

"ಸೀದಾ ಹೇಳ್ರಿ."

"ಸೀದಾನ ಐತಿ. ನಾನಂದ್ರ ಆಕಿ ಮ್ಯಾಲ ಹತ್ತು. ನನ್ನ ಜಾಗದಾಗ ಅದನ್ನ ಇಡ್ರಿ. ಎರಡು ಆಕಿ, ಮ್ಯಾಲ ಹತ್ತು, ಅರವತ್ತು. ಆಕಿಗೆ ಇಪ್ಪತ್ತೈದು, ನನಗ ಮೂವತ್ತೈದು."

"ಇಬ್ರು ಹೆಂಡ್ರೇನ್ರಿ?"

ಮಾವ ಹೆಸರು ಹೇಳಿದರು. ಮುಸಲ್ಮಾನರ ಟೋಪಿಗೂ ಹಿಂದೂ ಹೆಸರಿಗೂ ಹೊಂದಲಿಲ್ಲ. ದಂಡೆಯ ಪೊಲೀಸ್ ಚೌಕಿಯಲ್ಲಿ ಕೂಡಿಸಿದರು. ಗುರುತು ಹೇಳುವವರು ಬಂದು ಅದೇ ಹೆಸರು ಹೇಳಬೇಕು. ಇಲ್ಲವಾದರೆ ಸಂಜೆಯ ಲಾರಿಯಲ್ಲಿ ಜೇಲು. ಹೀಗೆಂದು ಮನೆಗೆ ಸುದ್ದಿ ಹೋಯಿತು.

ಇದೆಲ್ಲ ನನಗೆ ಚೆನ್ನಾಗಿ ನೆನಪಿದೆ. ತೊಂದರೆಯೆಂದರೆ, ನಾನಾಗ ಹುಟ್ಟಿರಲಿಲ್ಲ. ಆದ್ದರಿಂದ ನೆನಪನ್ನು ನಂಬಬೇಡಿ, ಅತ್ತೆಯನ್ನು ನಂಬಿ.

ಅತ್ತೆ ಓಡುತ್ತ ಬಂದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರೆತ್ತುವುದಿಲ್ಲ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಅಡಗಿಸಿ ಒಮ್ಮೆ ಹೇಳಿದರೆ ಮುಗಿಯಿತು.

"ಇವರು ಯಾರ್ರೀ ಅಮ್ಮಾ?"

"ನಮ್ಮ ಬಸೂನ ಅಪ್ಪಾರ್ರೀ."

"ಬಸು ಯಾರು?"

"ಇವರ ಮಗ ರೀ."

ಚೌಕಿಯ ಮೂಲೆಯಿಂದ ಮಾವನ ದನಿ: "ಅದರಾಗಿಂದ ತೆಗೆದು ಅದರಾಗ ಇಟ್ರ ಏನೂ ಸಿಗಂಗಿಲ್ಲ. ಇನ್ನೊಂದು ಸಮೀಕರಣ ಬೇಕು."

"ನೀವು ಸುಮ್ಮನ ಕೂಡ್ರಿ. ನಿಮ್ಮ ಸಮೀಕರಣನ ನಿಮ್ಮನ್ನ ಇಲ್ಲಿ ತಂದು ಕೂಡಿಸೇತಿ."

ಜಮಾದಾರನೂ ಈ ಸೀಮೆಯವನೇ. ಕರಗಿದ. "ಒಡಪು ಹಾಕಿ ಹೇಳ್ರೆಮ್ಮಾ."

ಅತ್ತೆ ಸೆರಗು ಸರಿಮಾಡಿಕೊಂಡರು. "ಹಿತ್ತಲದಾಗ ಹೀರಿಬಳ್ಳಿ, ಅಂಗಳದಾಗ ಆಕಳ..." ಮುಂದಿನ ಸಾಲು ಬರಲೊಲ್ಲದು. ಮತ್ತೆ ಹೀರಿಬಳ್ಳಿ, ಮತ್ತೆ ಆಕಳು. ಹೊರಗೆ ಲಾರಿ ಗುರುಗುಟ್ಟಿತು. ಪೇದೆಯೊಬ್ಬ ಮಾವನ ರಟ್ಟೆ ಹಿಡಿದು ಎಬ್ಬಿಸಿದ.

ಆಗ ಅತ್ತೆ ಹೆಸರು ಹೇಳಿಬಿಟ್ಟರು. ಪದ್ಯವಿಲ್ಲ, ಪ್ರಾಸವಿಲ್ಲ, ಬರೀ ಹೆಸರು, ಹರಿಗೋಲಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಪೇದೆ ಕೈಬಿಟ್ಟ. ದಿನಾ ಬೆಳಿಗ್ಗೆ ಶಾಲೆಯಲ್ಲಿ ಊರ ಮಕ್ಕಳ ಹೆಸರು ಕೂಗುತ್ತಿದ್ದ ಮಾವ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮೆತ್ತಗೆ ಅಂದರಂತೆ: "ಹಾಜರ್."